ಸಾಲ ಮಾಡಿ ಆರ್ಚ್‌ಬಿಷಪ್ ಆದವನು: ಲೂಥರ್ ಕಾಗದ ಬರೆದದ್ದು ಯಾರಿಗೆ?

1517ರ ಅಕ್ಟೋಬರ್ 31 ಅಂದ ಕೂಡಲೇ ಶಾಲೆಯ ಇತಿಹಾಸ ಪುಸ್ತಕ ನೆನಪಾಗುತ್ತದೆ. ಸುತ್ತಿಗೆ ಹಿಡಿದ ಸನ್ಯಾಸಿ, ವಿಟ್ಟೆನ್‌ಬರ್ಗಿನ ಚರ್ಚಿನ ಬಾಗಿಲು, 95 ಅಂಶಗಳ ಹಾಳೆ. ಆ ಸುತ್ತಿಗೆ ಏಟು ನಿಜಕ್ಕೂ ಬಿತ್ತೋ ಇಲ್ಲವೋ ಅನ್ನುವುದರ ಬಗ್ಗೆ ಇತಿಹಾಸಕಾರರಲ್ಲಿ ಇನ್ನೂ ಜಗಳ ಇದೆ. ಕಣ್ಣಾರೆ ಕಂಡವರು ಬರೆದಿಟ್ಟದ್ದು ಇಲ್ಲ. ಆ ಕತೆಗೆ ಪ್ರಚಾರ ಕೊಟ್ಟ, ಲೂಥರ್‌ನ ಜೊತೆಗಾರ ಮೆಲಾಂಕ್ಟನ್ ಆ ಊರಿಗೆ ಬಂದದ್ದೇ 1518ರಲ್ಲಿ. ಆದರೆ ಅದೇ ದಿನ ಮಾರ್ಟಿನ್ ಲೂಥರ್ ಒಂದು ಕಾಗದ ಬರೆದದ್ದು ಮಾತ್ರ ಖಂಡಿತ. ಆ ಕಾಗದ ಇವತ್ತಿಗೂ ಸ್ವೀಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿದೆ.

ಅದು ಹೋದದ್ದು ಪೋಪ್‌ಗಲ್ಲ. ಊರೂರು ತಿರುಗಿ ಕ್ಷಮಾಪತ್ರ ಮಾರುತ್ತಿದ್ದ ಟೆಟ್ಸೆಲ್‌ಗೂ ಅಲ್ಲ. ಅದು ಹೋದದ್ದು 27 ವರ್ಷದ ಒಬ್ಬ ಆರ್ಚ್‌ಬಿಷಪ್‌ಗೆ. ಹೆಸರು ಆಲ್ಬ್ರೆಕ್ಟ್. ಲೂಥರ್ ಕತೆ ಹೇಳುವವರು ಇವನನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗೇನೋ ಇವನ ಲೆಕ್ಕದ ಪುಸ್ತಕ ನೋಡದಿದ್ದರೆ ಕ್ರೈಸ್ತ ಚರ್ಚ್ ಇಬ್ಭಾಗವಾದ ಕತೆ ಅರ್ಧವೇ ಅರ್ಥ ಆಗುತ್ತದೆ ಅನಿಸುತ್ತದೆ.

ಕಿರಿಮಗನಿಗೆ ಮೂರು ಪೀಠ

ಆಲ್ಬ್ರೆಕ್ಟ್ ಹುಟ್ಟಿದ್ದು 1490ರಲ್ಲಿ, ಬ್ರಾಂಡೆನ್‌ಬರ್ಗಿನ ಹೋಹೆನ್‌ಝೋಲರ್ನ್ ಮನೆತನದಲ್ಲಿ. ಅಪ್ಪನ ಗದ್ದುಗೆ ಅಣ್ಣ ಯೋವಾಕಿಮ್ ಪಾಲಾಯಿತು. ತಮ್ಮನಿಗೆ ಉಳಿದದ್ದು ಚರ್ಚ್. ಇದೇನು ಸಣ್ಣ ಸಮಾಧಾನದ ಬಹುಮಾನ ಅಲ್ಲ. ಆಗಿನ ಜರ್ಮನಿಯಲ್ಲಿ ಬಿಷಪ್ ಅಂದರೆ ಪೂಜೆ, ಪ್ರಾರ್ಥನೆ ನಡೆಸುವ ಗುರು ಮಾತ್ರ ಆಗಿರಲಿಲ್ಲ. ಅವನಿಗೆ ಊರುಗಳಿದ್ದವು, ಕೋಟೆ ಇತ್ತು, ಕಂದಾಯ ಬರುತ್ತಿತ್ತು. ಹಾಗಾಗಿ ದೊಡ್ಡ ಮನೆತನಗಳು ಈ ಪೀಠಗಳಿಗೆ ಕಣ್ಣು ಹಾಕಿ ಕೂತಿರುತ್ತಿದ್ದವು.

1513ರಲ್ಲಿ ಮ್ಯಾಗ್ಡೆಬರ್ಗಿನ ಆರ್ಚ್‌ಬಿಷಪ್ ತೀರಿಕೊಂಡ. ಅವನು ಸ್ಯಾಕ್ಸನಿಯ ದೊರೆ ಫ್ರೆಡರಿಕ್‌ನ ತಮ್ಮ. ಆ ಜಾಗಕ್ಕೆ ಬಂದವನು 23 ವರ್ಷದ ಆಲ್ಬ್ರೆಕ್ಟ್. ಅಂದರೆ ಒಂದು ಮನೆತನದ ಕೈಯಲ್ಲಿದ್ದ ಪೀಠ ಎದುರಾಳಿ ಮನೆತನಕ್ಕೆ ಹೋಯಿತು. ಈ ಮಾತು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಮ್ಯಾಗ್ಡೆಬರ್ಗಿನ ಜೊತೆಗೆ ಹಾಲ್ಬರ್‌ಸ್ಟಾಟಿನ ಆಡಳಿತವೂ ಅವನಿಗೇ ಸಿಕ್ಕಿತು. ಮರುವರ್ಷ ಮೈಂಝ್ ಪೀಠ ಖಾಲಿ ಆಯಿತು.

ಮೈಂಝ್ ಅಂದರೆ ಜರ್ಮನಿಯ ಚರ್ಚಿನಲ್ಲಿ ಎಲ್ಲಕ್ಕಿಂತ ಮೇಲಿನ ಪೀಠ. ಚಕ್ರವರ್ತಿಯನ್ನು ಆರಿಸುತ್ತಿದ್ದವರು ಏಳೇ ಜನ. ಅವರಲ್ಲಿ ಮೈಂಝ್‌ನ ಆರ್ಚ್‌ಬಿಷಪ್ ಒಬ್ಬ, ಬ್ರಾಂಡೆನ್‌ಬರ್ಗಿನ ದೊರೆ ಇನ್ನೊಬ್ಬ. ತಮ್ಮನೂ ಗೆದ್ದರೆ ಏಳರಲ್ಲಿ ಎರಡು ಮತ ಒಂದೇ ಮನೆಯಲ್ಲಿ! ಬಿಡುವುದುಂಟೇ?

ಆದರೆ ಮೈಂಝ್‌ನವರ ಕಷ್ಟ ಬೇರೆ. ಹೊಸ ಆರ್ಚ್‌ಬಿಷಪ್ ಬಂದಾಗಲೆಲ್ಲ ರೋಮ್‌ನಿಂದ ಪ್ಯಾಲಿಯಂ ತರಿಸಬೇಕು. ಹೆಗಲ ಮೇಲೆ ಹಾಕಿಕೊಳ್ಳುವ ಬಿಳಿ ಉಣ್ಣೆಯ ಪಟ್ಟಿ ಅದು, ಅಧಿಕಾರದ ಗುರುತು. ಅದಕ್ಕೆ ರೋಮ್‌ಗೆ ಕಟ್ಟಬೇಕಾದ ಶುಲ್ಕ ಸಾವಿರಗಟ್ಟಲೆ ಚಿನ್ನದ ನಾಣ್ಯ. ಅದು ಕೊನೆಗೆ ಬೀಳುತ್ತಿದ್ದದ್ದು ಜನರ ತಲೆ ಮೇಲೆ. 1504, 1508, 1514 ಹೀಗೆ ಹತ್ತೇ ವರ್ಷದಲ್ಲಿ ಮೂವರು ಆರ್ಚ್‌ಬಿಷಪ್‌ಗಳು ತೀರಿಕೊಂಡು ಮೈಂಝ್‌ನ ಬೊಕ್ಕಸ ಬರಿದಾಗಿತ್ತು. ಆಲ್ಬ್ರೆಕ್ಟ್ ಕಡೆಯವರು ಒಂದು ಭರವಸೆ ಕೊಟ್ಟರು: 'ನಮ್ಮ ಹುಡುಗನನ್ನು ಆರಿಸಿ, ಪ್ಯಾಲಿಯಂ ಖರ್ಚು ನಮ್ಮದೇ.' ಇದೇ ಮಾತು ಅವನನ್ನು ಗೆಲ್ಲಿಸಿತು. ಇದೇ ಮಾತು ಅವನನ್ನು ಮುಳುಗಿಸಿತು.

29,000 ಗುಲ್ಡನ್

ಗೆದ್ದ ಮೇಲೆ ಎರಡು ಅಡ್ಡಿ ಎದುರಾದವು. ಚರ್ಚಿನ ಕಾನೂನಿನ ಪ್ರಕಾರ ಬಿಷಪ್‌ಗೆ 30 ವರ್ಷ ತುಂಬಿರಬೇಕು. ಒಬ್ಬನೇ ಇಷ್ಟೊಂದು ಪೀಠ ಇಟ್ಟುಕೊಳ್ಳುವಂತೆಯೂ ಇಲ್ಲ. ಎರಡಕ್ಕೂ ಪೋಪ್ ವಿನಾಯಿತಿ ಕೊಡಬಹುದಿತ್ತು. ವಿನಾಯಿತಿಗೂ ರೇಟು ಇತ್ತು: 10,000 ಡ್ಯುಕಟ್, ಅಂದರೆ ಚಿನ್ನದ ನಾಣ್ಯ. ಇದರ ಬಗ್ಗೆ ಒಂದು ಕುಚೋದ್ಯ ಇದೆ. ರೋಮ್‌ನವರು ಹನ್ನೆರಡು ಅಪೊಸ್ತಲರ ಲೆಕ್ಕದಲ್ಲಿ 12,000 ಕೇಳಿದರಂತೆ. ಆಲ್ಬ್ರೆಕ್ಟ್ ಕಡೆಯವರು ಏಳು ಮಹಾಪಾಪಗಳ ಲೆಕ್ಕದಲ್ಲಿ 7,000 ಅಂದರಂತೆ. ಕೊನೆಗೆ ಹತ್ತು ಆಜ್ಞೆಗಳ ಲೆಕ್ಕಕ್ಕೆ ಒಪ್ಪಂದ ಆಯಿತಂತೆ. ಕತೆ ಯಾರೋ ಕಟ್ಟಿದ್ದೇ ಇರಬೇಕು. ಆದರೆ ಕಟ್ಟಿದವನಿಗೆ ಆ ವ್ಯವಹಾರದ ಒಳಗುಟ್ಟು ಚೆನ್ನಾಗಿ ಗೊತ್ತಿತ್ತು.

ಅಷ್ಟು ದುಡ್ಡು ಆಲ್ಬ್ರೆಕ್ಟ್ ಹತ್ತಿರ ಇರಲಿಲ್ಲ. ಆಗ್ಸ್‌ಬರ್ಗಿನ ಯಾಕೋಬ್ ಫುಗ್ಗರ್ ಹತ್ತಿರ ಇತ್ತು. ಬಟ್ಟೆ ವ್ಯಾಪಾರದಿಂದ ಶುರುವಾದ ಮನೆತನ, ಆಮೇಲೆ ಗಣಿ, ಆಮೇಲೆ ರಾಜರಿಗೇ ಸಾಲ. ರೋಮ್‌ಗೆ ಹಣ ಸಾಗಿಸುವ ವ್ಯವಸ್ಥೆಯೂ ಅವರದೇ. ಆಲ್ಬ್ರೆಕ್ಟ್ ಅಲ್ಲಿಂದ 29,000 ಗುಲ್ಡನ್ ಸಾಲ ಎತ್ತಿದ.

ತೀರಿಸುವ ಬಗೆ ಹೇಗೆ? ಆಗ ರೋಮ್‌ನಲ್ಲಿ ಸಂತ ಪೇತ್ರರ ಮಹಾಚರ್ಚನ್ನು ಹೊಸದಾಗಿ ಕಟ್ಟುತ್ತಿದ್ದರು. 1506ರಲ್ಲಿ ಶುರುವಾದ ಕೆಲಸ, ಎಷ್ಟು ಸುರಿದರೂ ಸಾಲುತ್ತಿರಲಿಲ್ಲ. 1515ರಲ್ಲಿ ಪೋಪ್ ಹತ್ತನೇ ಲಿಯೋ ಒಂದು ಆಜ್ಞೆ ಹೊರಡಿಸಿದ. ಎಂಟು ವರ್ಷ ಆಲ್ಬ್ರೆಕ್ಟ್‌ನ ಸೀಮೆಗಳಲ್ಲಿ ಮತ್ತು ಬ್ರಾಂಡೆನ್‌ಬರ್ಗಿನಲ್ಲಿ ಚರ್ಚ್ ಕಟ್ಟಡದ ಹೆಸರಲ್ಲಿ ಕ್ಷಮಾಪತ್ರ ವಿತರಿಸಬಹುದು. ಬಂದ ಹಣದಲ್ಲಿ ಅರ್ಧ ರೋಮ್‌ಗೆ, ಅರ್ಧ ಆಲ್ಬ್ರೆಕ್ಟ್‌ಗೆ. ಅಂದರೆ ಫುಗ್ಗರ್‌ಗೆ. ಜನರಿಗೆ ಹೇಳಿದ್ದು ಮೊದಲ ಅರ್ಧ ಮಾತ್ರ.

ಅಸಲು ಮನ್ನಾ, ಬಡ್ಡಿ ಬಾಕಿ

ಇಲ್ಲಿ ಸ್ವಲ್ಪ ನಿಲ್ಲೋಣ. ಕ್ಷಮಾಪತ್ರ ಅಂದರೆ 'ದುಡ್ಡು ಕೊಟ್ಟರೆ ಪಾಪ ಮಾಫಿ' ಅಂತ ನಾವು ಓದಿದ್ದೇವೆ ಅಲ್ವಾ? ಚರ್ಚ್ ಹಾಗೆ ಯಾವತ್ತೂ ಬೋಧಿಸಿರಲಿಲ್ಲ. ನಿಜವಾದ ಬೋಧನೆ ಇನ್ನೂ ಸೂಕ್ಷ್ಮ. ಆ ಸೂಕ್ಷ್ಮದಲ್ಲೇ ಎಡವಟ್ಟಾದದ್ದು.

ಪಾಪ ಮಾಡಿದವನು ಮರುಗಿ ಗುರುವಿನ ಮುಂದೆ ಪಾಪನಿವೇದನೆ ಮಾಡಿದರೆ ದೇವರು ಕ್ಷಮಿಸುತ್ತಾನೆ, ನರಕ ತಪ್ಪುತ್ತದೆ. ಆದರೆ ಅಲ್ಲಿಗೇ ಮುಗಿಯಲಿಲ್ಲ. ಪಾಪಕ್ಕೆ ಇನ್ನೊಂದು ಶಿಕ್ಷೆ ಇದೆ, ಅದು ಶಾಶ್ವತವಲ್ಲ, ಒಂದು ಕಾಲದವರೆಗೆ ಮಾತ್ರ. ಅದನ್ನು ಪ್ರಾರ್ಥನೆ, ಉಪವಾಸ, ದಾನಗಳಿಂದ ಇಲ್ಲೇ ತೀರಿಸಬೇಕು. ತೀರಿಸದಿದ್ದರೆ ಸತ್ತ ಮೇಲೆ ಶುದ್ಧೀಕರಣ ಸ್ಥಳದಲ್ಲಿ ಅನುಭವಿಸಬೇಕು. ಸಾಲಮನ್ನಾ ಕಂಡ ನಮ್ಮ ಕಡೆಯವರಿಗೆ ಇದು ಬೇಗ ಹೊಳೆಯುತ್ತದೆ: ಅಸಲು ಮನ್ನಾ ಆಯಿತು, ಬಡ್ಡಿ ಹಾಗೇ ನಿಂತಿದೆ.

ಕ್ಷಮಾಪತ್ರ ಮುಟ್ಟುತ್ತಿದ್ದದ್ದು ಈ ಎರಡನೇ ಶಿಕ್ಷೆಯನ್ನು ಮಾತ್ರ. ಅದನ್ನು ಕಡಿಮೆ ಮಾಡಲು ಪೋಪ್‌ಗೆ ಅಧಿಕಾರ ಎಲ್ಲಿಂದ ಬಂತು? ಕ್ರಿಸ್ತ ಮತ್ತು ಸಂತರ ಪುಣ್ಯ ಅಗತ್ಯಕ್ಕಿಂತ ಎಷ್ಟೋ ಜಾಸ್ತಿ, ಅದು ಒಂದು ಭಂಡಾರವಾಗಿದೆ, ಅದರ ಕೀಲಿಕೈ ಚರ್ಚಿನದು ಅನ್ನುವ ಮಾತನ್ನು 1343ರಲ್ಲಿ ಪೋಪ್ ಆರನೇ ಕ್ಲೆಮೆಂಟ್ ಅಧಿಕೃತವಾಗಿ ಸಾರಿದ್ದ. ಅದಕ್ಕೂ ಎಷ್ಟೋ ಮೊದಲು, 1095ರಲ್ಲಿ, ಧರ್ಮಯುದ್ಧಕ್ಕೆ ಹೊರಟವರಿಗೆ ಇಂಥ ವಿನಾಯಿತಿ ಸಿಕ್ಕಿತ್ತು. ಯುದ್ಧಕ್ಕೆ ಹೋಗಲಾಗದವನು ಹಣ ಕೊಟ್ಟರೂ ಆದೀತು ಅಂತ ಆಮೇಲೆ ಸೇರಿತು. 1476ರಲ್ಲಿ ನಾಲ್ಕನೇ ಸಿಕ್ಸ್ಟಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಸತ್ತವರ ಆತ್ಮಕ್ಕೂ ಕ್ಷಮಾಪತ್ರದ ಪ್ರಯೋಜನ ದೊರಕಿಸಬಹುದು ಎಂದ.

ಅಲ್ಲಿಗೆ ಬಾಗಿಲು ಪೂರ್ತಿ ತೆರೆಯಿತು. ಬದುಕಿರುವವನು ಮರುಗಬೇಕು, ಪಾಪನಿವೇದನೆ ಮಾಡಬೇಕು, ಆಗಲೇ ಪತ್ರಕ್ಕೆ ಬೆಲೆ. ಆದರೆ ಸತ್ತವರ ಪರವಾಗಿ ಕೊಡುವವನು? ಆಲ್ಬ್ರೆಕ್ಟ್ ತನ್ನ ಪ್ರಚಾರಕರಿಗೆ ಕೊಟ್ಟ ಸೂಚನೆಗಳಲ್ಲಿ ಇದು ಸ್ಪಷ್ಟವಾಗಿತ್ತು. ಅವನು ಮರುಗಬೇಕಿಲ್ಲ, ಪಾಪನಿವೇದನೆಯೂ ಬೇಡ. ಪೆಟ್ಟಿಗೆಗೆ ಹಣ ಹಾಕಿದರೆ ಸಾಕು. ತೀರಿಕೊಂಡ ಅಮ್ಮ ಬೆಂಕಿಯಲ್ಲಿ ಬೇಯುತ್ತಿದ್ದಾಳೆ ಅಂತ ನಂಬಿದ ಮಗನಿಗೆ ಇದಕ್ಕಿಂತ ದೊಡ್ಡ ಒತ್ತಡ ಬೇಕೇ?

ಅದೇ ಸೂಚನೆಗಳಲ್ಲಿ ದರಪಟ್ಟಿಯೂ ಇದೆ. ರಾಜರು, ಬಿಷಪ್‌ಗಳು 25 ಗುಲ್ಡನ್. ಮಠಾಧೀಶರು, ದೊಡ್ಡ ಜಮೀನ್ದಾರರು 10. ಪಟ್ಟಣದ ಸಾಧಾರಣ ಕಸುಬುದಾರ 1. ಅವನಿಗಿಂತ ಬಡವ ಅರ್ಧ. ಏನೂ ಇಲ್ಲದವನು ಪ್ರಾರ್ಥನೆ, ಉಪವಾಸ ಮಾಡಿದರೆ ಸಾಕು, 'ಸ್ವರ್ಗದ ರಾಜ್ಯ ಬಡವರಿಗೂ ತೆರೆದಿರಬೇಕು' ಅನ್ನುವ ಧಾಟಿಯಲ್ಲಿ. ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಅರ್ಧ ರೋಮ್‌ಗೆ ಹೋದ ಮೇಲೆ 29,000ದ ಅಸಲು ತೀರಬೇಕಾದರೆ ಒಂದೊಂದು ಗುಲ್ಡನ್ ಕೊಡುವ 58,000 ಕಸುಬುದಾರರು ಬೇಕು. ಪ್ರಚಾರದ ಖರ್ಚು, ಬಡ್ಡಿ ಬೇರೆ. ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಕೂಡ ಅದರಲ್ಲಿ ಒಂದು ಪಾಲು ಕಿತ್ತುಕೊಂಡಿದ್ದ. ಹಾಗಾಗಿ ಗಟ್ಟಿ ಗಂಟಲಿನ ಮಾರಾಟಗಾರ ಬೇಕೇಬೇಕಿತ್ತು.

ಆ ಗಂಟಲು ಡೊಮಿನಿಕನ್ ಸನ್ಯಾಸಿ ಯೋಹಾನ್ ಟೆಟ್ಸೆಲ್‌ನದು. ಅವನು ಬರುವಾಗ ಪೋಪ್‌ನ ಲಾಂಛನ ಮುಂದೆ, ಗಂಟೆ ಮೊಳಗು, ಮೆರವಣಿಗೆ. ಹಣದ ಪೆಟ್ಟಿಗೆಯ ಜೊತೆಗೆ ಫುಗ್ಗರ್‌ನ ಏಜೆಂಟ್. 'ಪೆಟ್ಟಿಗೆಯಲ್ಲಿ ನಾಣ್ಯ ಝಣ್ ಅಂದ ಕ್ಷಣವೇ ಆತ್ಮ ಹಾರಿ ಮೇಲೆ ಹೋಗುತ್ತದೆ' ಅನ್ನುವ ಮಾತು ಆಗ ಜನರ ಬಾಯಲ್ಲಿತ್ತು. ಲೂಥರ್ ತನ್ನ 27ನೇ ಅಂಶದಲ್ಲಿ ಇದನ್ನೇ ಹಿಡಿದು ಜಾಡಿಸಿದ್ದಾನೆ.

ಬಾರದ ಉತ್ತರ

ಟೆಟ್ಸೆಲ್ ವಿಟ್ಟೆನ್‌ಬರ್ಗಿಗೆ ಕಾಲೇ ಇಡಲಿಲ್ಲ. ಸ್ಯಾಕ್ಸನಿಯ ಫ್ರೆಡರಿಕ್ ತನ್ನ ಸೀಮೆಗೆ ಅವನನ್ನು ಬಿಟ್ಟುಕೊಂಡಿರಲಿಲ್ಲ. ಭಕ್ತಿಯ ವಿಚಾರದಲ್ಲಿ ತಕರಾರು ಇತ್ತು ಅಂದುಕೊಳ್ಳಬೇಡಿ. ಫ್ರೆಡರಿಕ್ ಸ್ವತಃ ಸಂತರ ಅವಶೇಷಗಳ, ಅಂದರೆ ಅವರ ಮೂಳೆ, ಬಟ್ಟೆಯಂಥ ಪವಿತ್ರ ವಸ್ತುಗಳ ಭಾರೀ ಸಂಗ್ರಹಕಾರ. 1520ರ ಹೊತ್ತಿಗೆ ಅವನ ಸಂಗ್ರಹ 19,000 ದಾಟಿತ್ತು. ಅದನ್ನು ನೋಡಿ ಕಾಣಿಕೆ ಹಾಕಿದವರಿಗೂ ಲಕ್ಷಗಟ್ಟಲೆ ವರ್ಷಗಳ ವಿನಾಯಿತಿ ಸಿಗುತ್ತಿತ್ತು. ಮ್ಯಾಗ್ಡೆಬರ್ಗ್ ಕಳೆದುಕೊಂಡ ಮನೆತನ ತನ್ನ ಜನರ ದುಡ್ಡು ಆ ಹೋಹೆನ್‌ಝೋಲರ್ನ್ ಹುಡುಗನ ಸಾಲ ತೀರಿಸಲು ಹೋಗುವುದನ್ನು ಸಹಿಸಲಿಲ್ಲ, ಅಷ್ಟೇ.

ಆದರೆ ಗಡಿ ದಾಟಿದರೆ ಯೂಟರ್‌ಬೋಗ್ ಹತ್ತಿರವೇ ಇತ್ತು. ವಿಟ್ಟೆನ್‌ಬರ್ಗಿನ ಜನ ಅಲ್ಲಿಗೆ ಹೋಗಿ ಪತ್ರ ಕೊಂಡು ಬಂದರು. ಬಂದವರು ತಮ್ಮ ಗುರುವಾದ ಲೂಥರ್ ಮುಂದೆ ಅದನ್ನು ಹಿಡಿದು ನಿಂತರು. ಇನ್ನು ಬದುಕು ತಿದ್ದಿಕೊಳ್ಳುವ ಉಸಾಬರಿ ಇಲ್ಲ ಅನ್ನುವ ಭಾವ ಅವರದು. ಲೂಥರ್‌ಗೆ ಉರಿದದ್ದು ಅಲ್ಲಿ. ಅವನ ಮೊದಲ ತಕರಾರು ದುಡ್ಡಿನದ್ದಲ್ಲ. ಜನ ಮರುಗುವುದನ್ನೇ ಬಿಡುತ್ತಿದ್ದಾರೆ ಅನ್ನುವುದು.

ಇದು ಮುಖ್ಯ. ಫುಗ್ಗರ್ ಸಾಲದ ಗುಟ್ಟು ಲೂಥರ್‌ಗೆ ಆಗ ಗೊತ್ತೇ ಇರಲಿಲ್ಲ. ಹಣ ಯಾರ ಕೈಗೆ ಹೋಗುತ್ತಿದೆ ಅಂತ ತನಗೆ ಆಗ ತಿಳಿದಿರಲಿಲ್ಲ ಎಂದು 1541ರಲ್ಲಿ ಅವನೇ ಬರೆದಿದ್ದಾನೆ. ಆಲ್ಬ್ರೆಕ್ಟ್‌ಗೆ ಬರೆದ ಕಾಗದದಲ್ಲಿ ಅವನ ದನಿ ತೀರಾ ವಿನಯದ್ದು. ತಾನು ಮನುಷ್ಯರಲ್ಲಿ ಕಸ, ಆದರೂ ಧೈರ್ಯ ಮಾಡಿ ಬರೆಯುತ್ತಿದ್ದೇನೆ, ನಿಮ್ಮ ಹೆಸರಲ್ಲಿ ಹೀಗೆಲ್ಲ ಆಗುತ್ತಿದೆ, ನಿಮಗೆ ಗೊತ್ತಿಲ್ಲದಿರಬಹುದು, ದಯವಿಟ್ಟು ತಡೆಯಿರಿ ಅನ್ನುತ್ತಾನೆ. ಅವನು ಯಾರಿಗೆ ದೂರು ಕೊಡುತ್ತಿದ್ದನೋ ಆ ದಂಧೆಯ ಪಾಲುದಾರ ಅವನೇ ಆಗಿದ್ದ.

ಗೊತ್ತಿಲ್ಲದೆಯೂ ಆ ಕಾಗದದ ಜೊತೆ ಕಳಿಸಿದ 95 ಅಂಶಗಳಲ್ಲಿ ಕೆಲವು ಸರಿಯಾದ ಜಾಗಕ್ಕೇ ತಗುಲಿದವು. 82ನೆಯದು ಕೇಳುತ್ತದೆ: ಕಟ್ಟಡದ ಕಾಸಿಗಾಗಿ ಆತ್ಮಗಳನ್ನು ಬಿಡಿಸಬಲ್ಲ ಪೋಪ್ ಬರೀ ಪ್ರೀತಿಯಿಂದಲೇ ಎಲ್ಲರನ್ನೂ ಯಾಕೆ ಬಿಡಿಸಬಾರದು? 86ನೆಯದು: ಅಷ್ಟು ಶ್ರೀಮಂತನಾದ ಪೋಪ್ ಬಡವರ ದುಡ್ಡಿನ ಬದಲು ತನ್ನ ದುಡ್ಡಲ್ಲೇ ಚರ್ಚ್ ಯಾಕೆ ಕಟ್ಟಬಾರದು? ಇವು ನನ್ನ ಪ್ರಶ್ನೆಗಳಲ್ಲ, ಜನಸಾಮಾನ್ಯರು ಕೇಳುತ್ತಿರುವುದು ಅಂತ ಒಂದು ಜಾಣತನದ ಪೀಠಿಕೆ ಬೇರೆ.

ಆಲ್ಬ್ರೆಕ್ಟ್ ಉತ್ತರ ಬರೆಯಲಿಲ್ಲ. ಕಾಗದವನ್ನು ಮೈಂಝ್‌ನ ವಿಶ್ವವಿದ್ಯಾಲಯದ ಪಂಡಿತರಿಗೆ ತೋರಿಸಿದ, ಆಮೇಲೆ ವಿಷಯವನ್ನು ರೋಮ್‌ಗೆ ದಾಟಿಸಿದ. ತಲೆನೋವು ಮೇಲಿನವರಿಗೆ ಸಾಗಹಾಕುವ ಅಧಿಕಾರಿಯ ಹಳೇ ಉಪಾಯ. ಆದರೆ ಹಾಗೆ ಮಾಡಿದ್ದರಿಂದ ಒಂದು ಊರಿನ ತಕರಾರು ಪೋಪ್‌ನ ಅಧಿಕಾರದ ಪ್ರಶ್ನೆ ಆಗಿಬಿಟ್ಟಿತು. ಅಷ್ಟರಲ್ಲಿ 95 ಅಂಶಗಳು ನ್ಯೂರೆಂಬರ್ಗ್, ಲೈಪ್‌ಝಿಗ್, ಬಾಸೆಲ್‌ಗಳಲ್ಲಿ ಅಚ್ಚಾಗಿ ಹರಡಿದ್ದವು. ಮುಂದಿನದ್ದು ನಿಮಗೆ ಗೊತ್ತೇ ಇದೆ: 1521ರ ಜನವರಿಯಲ್ಲಿ ಬಹಿಷ್ಕಾರ, ಏಪ್ರಿಲ್‌ನಲ್ಲಿ ಚಕ್ರವರ್ತಿಯ ಮುಂದೆ ವಿಚಾರಣೆ ನಡೆದ ವೋರ್ಮ್ಸ್ ಸಭೆ, ಆಮೇಲೆ ವಾರ್ಟ್‌ಬರ್ಗ್ ಕೋಟೆಯಲ್ಲಿ ಅಜ್ಞಾತವಾಸ.

ಟೆಟ್ಸೆಲ್ ಪಾಡು ಕೇಳಬೇಡಿ. ಎಲ್ಲರೂ ಕೈಬಿಟ್ಟು 1519ರಲ್ಲಿ ಲೈಪ್‌ಝಿಗ್‌ನಲ್ಲಿ ಸಾಯುತ್ತಿದ್ದಾಗ ಅವನಿಗೆ ಸಮಾಧಾನದ ಕಾಗದ ಬರೆದವನು ಲೂಥರ್. ಕೊರಗಬೇಡ, ಇದು ನಿನ್ನಿಂದ ಶುರುವಾದದ್ದಲ್ಲ, ಈ ಮಗುವಿನ ಅಪ್ಪನೇ ಬೇರೆ ಎಂದ.

ಕಾರ್ಡಿನಲ್ ಬಾಗಿದ ದಿನ

ಆ ಅಪ್ಪ ಏನು ಮಾಡುತ್ತಿದ್ದ? ಬೆಳೆಯುತ್ತಿದ್ದ. 1518ರಲ್ಲಿ ಕಾರ್ಡಿನಲ್ ಆದ, ಅಂದರೆ ಪೋಪ್‌ಗಿಂತ ಒಂದೇ ಮೆಟ್ಟಿಲು ಕೆಳಗೆ. 1519ರಲ್ಲಿ ಐದನೇ ಚಾರ್ಲ್ಸ್‌ನನ್ನು ಚಕ್ರವರ್ತಿ ಮಾಡಲು ಸುಮಾರು 8.5 ಲಕ್ಷ ಗುಲ್ಡನ್ ಖರ್ಚಾಯಿತು. ಅದರಲ್ಲಿ ಸುಮಾರು 5.4 ಲಕ್ಷ ಮತ್ತೆ ಫುಗ್ಗರ್ ಸಾಲ. ಮತ ಹಾಕಿದವರಿಗೆ ಧಾರಾಳವಾಗಿ ಹಂಚಲಾಯಿತು, ಆಲ್ಬ್ರೆಕ್ಟ್‌ಗೂ.

ಇವನನ್ನು ಬರೀ ಖದೀಮ ಅಂದರೆ ತಪ್ಪಾಗುತ್ತದೆ. ಓದಿಕೊಂಡವನು, ರಸಿಕ. ಹೆಸರಾಂತ ಕಲಾವಿದ ಡ್ಯೂರರ್ ಅವನ ಮುಖವನ್ನು ತಾಮ್ರದ ತಗಡಿನಲ್ಲಿ ಎರಡು ಸಲ ಕೊರೆದಿದ್ದಾನೆ. ಇನ್ನೊಬ್ಬ ಕಲಾವಿದ ಕ್ರಾನಾಖ್ ಅವನನ್ನು ಸಂತ ಜೆರೋಮ್ ವೇಷದಲ್ಲಿ ಚಿತ್ರಿಸಿದ. ಎರಾಸ್ಮಸ್‌ನಂಥ ಪಂಡಿತ ಅವನಿಗೆ ಕಾಗದ ಬರೆದು ಲೂಥರ್ ವಿಷಯದಲ್ಲಿ ನ್ಯಾಯವಾಗಿ ನಡೆದುಕೊಳ್ಳುವಂತೆ ಹೇಳಿದ. ಅವನ ಆಸ್ಥಾನದಲ್ಲಿದ್ದ ಕಾಪಿಟೋ ಮುಂದೆ ಲೂಥರ್ ಕಡೆಗೇ ಹೋದ. ಹೊಸ ವಿಚಾರ ಅವನಿಗೆ ಹಿಡಿಸುತ್ತಿತ್ತು. ಆದರೆ ಪೀಠ ಬಿಡಲು ಮನಸ್ಸಿರಲಿಲ್ಲ.

ಸಾಲದ ಚಟವೂ ಬಿಡಲಿಲ್ಲ. ತನ್ನ ಪ್ರೀತಿಯ ಹಾಲ್ಲೆ ಊರಿನಲ್ಲಿ ಫ್ರೆಡರಿಕ್‌ನನ್ನೂ ಮೀರಿಸುವ ಅವಶೇಷಗಳ ಪ್ರದರ್ಶನ ಇಟ್ಟ. ಅದರಲ್ಲಿ ಸಂತರ 42 ಪೂರ್ತಿ ದೇಹಗಳೇ ಇದ್ದವು. ಎಲ್ಲ ನೋಡಿದವನಿಗೆ ಸಿಗುವ ವಿನಾಯಿತಿ 3.9 ಕೋಟಿ ವರ್ಷ. ಹೌದು, ಕೋಟಿ.

ಅಜ್ಞಾತವಾಸದಲ್ಲಿದ್ದ ಲೂಥರ್ ಕಿವಿಗೆ ಇದು ಬಿತ್ತು. 1521ರ ಡಿಸೆಂಬರ್ 1ರಂದು ಅವನು ಆಲ್ಬ್ರೆಕ್ಟ್‌ಗೆ ಒಂದು ಖಡಕ್ ಕಾಗದ ಬರೆದ. ಈ ಸಲ ವಿನಯ ಇಲ್ಲ. ಹದಿನಾಲ್ಕು ದಿನದೊಳಗೆ ಉತ್ತರ ಬರಬೇಕು, ಇಲ್ಲದಿದ್ದರೆ ಬರೆದಿಟ್ಟ ಪುಸ್ತಕ ಅಚ್ಚಿಗೆ ಹೋಗುತ್ತದೆ ಅಂತ ಬೆದರಿಕೆ. ಚಕ್ರವರ್ತಿ ಅಪರಾಧಿ ಅಂತ ಸಾರಿದ, ಪೋಪ್ ಬಹಿಷ್ಕರಿಸಿದ, ತಲೆಮರೆಸಿಕೊಂಡಿದ್ದ ಒಬ್ಬ ಸನ್ಯಾಸಿ ಜರ್ಮನಿಯ ಅತಿ ದೊಡ್ಡ ಧರ್ಮಗುರುವಿಗೆ ಗಡುವು ಕೊಟ್ಟ! ಆಲ್ಬ್ರೆಕ್ಟ್ ಡಿಸೆಂಬರ್ 21ಕ್ಕೆ ಉತ್ತರ ಬರೆದ. ನಿಮ್ಮ ಕಾಗದವನ್ನು ಒಳ್ಳೆಯ ಮನಸ್ಸಿನಿಂದಲೇ ತೆಗೆದುಕೊಂಡಿದ್ದೇನೆ, ದೂರಿಗೆ ಕಾರಣವಾದದ್ದು ಈಗಾಗಲೇ ನಿಂತಿದೆ, ನಾನು ಬಡ ಪಾಪಿ, ಎಲ್ಲರಂತೆ ನಾನೂ ನಾರುವ ಹೊಲಸೇ ಎಂದ. 1517ರ ಮೌನಕ್ಕೂ ಈ ಕಾಗದಕ್ಕೂ ನಡುವೆ ನಾಲ್ಕೇ ವರ್ಷ. ಅಧಿಕಾರ ಯಾವ ಕಡೆ ವಾಲಿತ್ತು ಅನ್ನುವುದಕ್ಕೆ ನನಗೆ ವೋರ್ಮ್ಸ್ ಸಭೆಗಿಂತ ಈ ಉತ್ತರವೇ ಒಳ್ಳೆ ಸಾಕ್ಷಿ ಅನಿಸುತ್ತದೆ.

1525ರಲ್ಲಿ ಇನ್ನೊಂದು ತಮಾಷೆ. ಮದುವೆ ಮಾಡಿಕೊಂಡು, ಪೀಠವನ್ನೇ ರಾಜ್ಯವಾಗಿಸಿಕೊಳ್ಳಿ ಅಂತ ಲೂಥರ್ ಆಲ್ಬ್ರೆಕ್ಟ್‌ಗೆ ಸಲಹೆ ಬರೆದ. ಪ್ರಶ್ಯದಲ್ಲಿ ಇದೇ ಹೆಸರಿನ ದಾಯಾದಿ ಆಗಷ್ಟೇ ತಾನು ಮುಖ್ಯಸ್ಥನಾಗಿದ್ದ ಧಾರ್ಮಿಕ ಸಂಘದ ಸೀಮೆಯನ್ನು ತನ್ನ ರಾಜ್ಯ ಮಾಡಿಕೊಂಡಿದ್ದ. ಆಲ್ಬ್ರೆಕ್ಟ್ ಮನೆಯಲ್ಲೂ ಜೊತೆಗಾರ್ತಿ ಇದ್ದದ್ದು ಗುಟ್ಟೇನಲ್ಲ. ಆದರೂ ಒಪ್ಪಲಿಲ್ಲ. ಅದೇ ತಿಂಗಳು ಲೂಥರ್ ಮಾತ್ರ ಕಥರೀನಾ ಫಾನ್ ಬೋರಾಳನ್ನು ಮದುವೆಯಾದ. ಆಲ್ಬ್ರೆಕ್ಟ್ 20 ಗುಲ್ಡನ್ ಮುಯ್ಯಿ ಕಳಿಸಿದ! ಲೂಥರ್ ವಾಪಸ್ ಕಳಿಸು ಅಂದ. ಮನೆ ನಡೆಸಬೇಕಾದವಳು ಕಥರೀನಾ, ಅವಳು ಇಟ್ಟುಕೊಂಡಳು.

ಕೊನೆಗೆ ಆಲ್ಬ್ರೆಕ್ಟ್‌ನನ್ನು ಹಾಲ್ಲೆಯಿಂದ ಎಬ್ಬಿಸಿದ್ದು ವಾದವಲ್ಲ, ಬಾಕಿ. 1541ರ ಹೊತ್ತಿಗೆ ಅವನ ಸಾಲ 5 ಲಕ್ಷ ಗುಲ್ಡನ್ ಮುಟ್ಟಿತ್ತು. ಮ್ಯಾಗ್ಡೆಬರ್ಗ್, ಹಾಲ್ಬರ್‌ಸ್ಟಾಟ್ ಸೀಮೆಯ ಪ್ರಮುಖರು ಸಾಲ ನಾವು ತೀರಿಸುತ್ತೇವೆ ಅಂದರು. ಬದಲಿಗೆ ಲೂಥರ್ ಮತದ ಬೋಧನೆಗೆ ಅವನು ಅಡ್ಡ ಬರಬಾರದು. ಒಪ್ಪದೆ ವಿಧಿ ಇರಲಿಲ್ಲ. ಅವಶೇಷಗಳನ್ನು ಕಟ್ಟಿಕೊಂಡು ಮೈಂಝ್‌ಗೆ ಹೊರಟ. ಲೂಥರ್ ಸುಮ್ಮನಿರುತ್ತಾನಾ? ಮೈಂಝ್‌ನಲ್ಲಿ ಹೊಸ ಪ್ರದರ್ಶನ ಬರುತ್ತಿದೆ, ಅದರಲ್ಲಿ ಮೋಶೆ ಕಂಡ ಉರಿಯುವ ಪೊದೆಯ ಮೂರು ಜ್ವಾಲೆ, ಪವಿತ್ರಾತ್ಮನ ಎರಡು ಗರಿ ಮತ್ತು ಒಂದು ಮೊಟ್ಟೆ ಇವೆ ಅಂತ ಗೇಲಿಯ ಕರಪತ್ರ ಅಚ್ಚು ಹಾಕಿಸಿದ.

ಆಲ್ಬ್ರೆಕ್ಟ್ 1545ರ ಸೆಪ್ಟೆಂಬರ್‌ನಲ್ಲಿ ಮೈಂಝ್‌ನಲ್ಲಿ ತೀರಿಕೊಂಡ. ಐದು ತಿಂಗಳಿಗೆ ಲೂಥರ್ ಹೋದ. ಅವನ ಶವ ವಿಟ್ಟೆನ್‌ಬರ್ಗಿಗೆ ಹೋಗುವ ದಾರಿಯಲ್ಲಿ ಹಾಲ್ಲೆಯ ಪೇಟೆ ಚರ್ಚಿನಲ್ಲಿ ಒಂದು ರಾತ್ರಿ ತಂಗಿತು. ಆ ಚರ್ಚನ್ನು ಕಟ್ಟಲು ಶುರು ಮಾಡಿಸಿದವನು ಆಲ್ಬ್ರೆಕ್ಟ್.

ಫುಗ್ಗರ್ ಏನಾದ? ಅವನಿಗೂ ಪರಲೋಕದ ಚಿಂತೆ ಇತ್ತು. ಆಗ್ಸ್‌ಬರ್ಗಿನಲ್ಲಿ ಬಡವರಿಗೆ ಅವನು ಕಟ್ಟಿಸಿದ ಫುಗ್ಗರೈ ಎಂಬ ಕೇರಿ ಇವತ್ತಿಗೂ ಇದೆ. ವರ್ಷದ ಬಾಡಿಗೆ ಒಂದು ಗುಲ್ಡನ್, ಈಗಿನ ಲೆಕ್ಕದಲ್ಲಿ 88 ಸೆಂಟ್. ಜೊತೆಗೆ ದಿನಕ್ಕೆ ಮೂರು ಪ್ರಾರ್ಥನೆ, ಫುಗ್ಗರ್ ಮನೆತನದ ಆತ್ಮಗಳಿಗಾಗಿ. ಅವನು ಮಾಡಿದ ಅತಿ ಉದ್ದದ ಹೂಡಿಕೆ ಅದೇ ಇರಬೇಕು.

ಕ್ಷಮಾಪತ್ರದ ವ್ಯಾಪಾರ 1567ರಲ್ಲಿ ನಿಂತಿತು. ಹಣದ ವಹಿವಾಟು ಸೇರಿದ ಎಲ್ಲ ಕ್ಷಮಾಪತ್ರಗಳನ್ನೂ ಪೋಪ್ ಐದನೇ ಪಿಯುಸ್ ರದ್ದು ಮಾಡಿದ. ಆದರೆ ಆ ಬೋಧನೆ ರದ್ದಾಗಲಿಲ್ಲ. 2025ರ ಜೂಬಿಲಿ ವರ್ಷದಲ್ಲೂ ಜಗತ್ತಿನ ಕಥೊಲಿಕರಿಗೆ ಈ ವಿನಾಯಿತಿ ಇತ್ತು: ಪಾಪನಿವೇದನೆ, ಪರಮಪ್ರಸಾದ, ಪೋಪ್ ಆಶಯಗಳಿಗಾಗಿ ಪ್ರಾರ್ಥನೆ, ಯಾತ್ರೆ ಅಥವಾ ಸೇವೆ. ಪೆಟ್ಟಿಗೆ ಇಲ್ಲ. 1999ರ ಅಕ್ಟೋಬರ್ 31ರಂದು ಕಥೊಲಿಕರು ಮತ್ತು ಲೂಥರನ್ನರು ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ಕೃಪೆಯಿಂದಲೇ ಅನ್ನುವ ಜಂಟಿ ಹೇಳಿಕೆಗೆ ಸಹಿ ಹಾಕಿದರು, ಫುಗ್ಗರ್‌ನ ಆಗ್ಸ್‌ಬರ್ಗಿನಲ್ಲೇ. ಕ್ಷಮಾಪತ್ರದ ಮಾತನ್ನು ಅದರಲ್ಲಿ ಇತ್ಯರ್ಥ ಮಾಡಲಿಲ್ಲ. ಮರುವರ್ಷ, 2000ದ ಜೂಬಿಲಿಯಲ್ಲಿ ರೋಮ್ ಮತ್ತೆ ವಿನಾಯಿತಿ ಕೊಟ್ಟಾಗ ಅನೇಕ ಲೂಥರನ್ನರು ಹುಬ್ಬು ಗಂಟಿಕ್ಕಿದರು.